ಮೂರು ಸಲ ವಾಪಸಾದ ಕಾಗದ

ಆ ಕಾರ್ಖಾನೆಯಲ್ಲಿ ಅವನ ನಿಜವಾದ ಹೆಸರು ಇದ್ದದ್ದು ಸಂಬಳದ ಪಟ್ಟಿಯಲ್ಲಿ ಮಾತ್ರ. ಎದುರಿಗೆ ಎಲ್ಲರೂ ‘ಗುಮಾಸ್ತರೇ’ ಎನ್ನುತ್ತಿದ್ದರು, ಬೆನ್ನು ತಿರುಗಿದ ಕೂಡಲೇ ‘ಕೆಂಪಿಂಕು’. ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ನೀಲಿಯದಕ್ಕೆ ವರ್ಷಕ್ಕೊಂದು ರೀಫಿಲ್ಲು ಸಾಕಾಗುತ್ತಿತ್ತು, ಕೆಂಪಿನದಕ್ಕೆ ತಿಂಗಳಿಗೊಂದು ಬೇಕಾಗುತ್ತಿತ್ತು. ಮನುಷ್ಯ ಎಂಥವನು ಎಂಬುದು ಇಷ್ಟರಲ್ಲೇ ಅರ್ಧ ತಿಳಿಯಿತಲ್ಲ, ಉಳಿದರ್ಧ ಹೇಳುತ್ತೇನೆ.

ಕಾರ್ಖಾನೆ ತಗಡಿನ ಡಬ್ಬಗಳಿಗೆ ಮುಚ್ಚಳ ಮಾಡುವಂಥದ್ದು. ಒಳಗಿನ ಶೆಡ್ಡಿನಲ್ಲಿ ಹದಿನಾಲ್ಕು ಪ್ರೆಸ್ಸುಗಳು ಬೆಳಗಿನಿಂದ ಸಂಜೆಯವರೆಗೆ ಧಡ್ ಧಡ್ ಎಂದು ತಗಡು ಕತ್ತರಿಸುತ್ತಿದ್ದವು. ಗೋಡೆಯ ಈಚೆ ಆಫೀಸು. ಅಲ್ಲಿ ಗಾಜಿನ ಕಿಟಕಿಯ ಪಕ್ಕದಲ್ಲಿ ಕೆಂಪಿಂಕುವಿನ ಮೇಜು, ಮೇಜಿನ ಮೇಲೆ ಟೈಪ್‌ರೈಟರು, ಅದರ ಎಡಕ್ಕೆ ‘ಒಳಬಂದ ಪತ್ರಗಳು’ ಎಂದು ಬರೆದ ದಪ್ಪ ರಿಜಿಸ್ಟರು. ಆ ರಿಜಿಸ್ಟರಿನಲ್ಲಿ ನಂಬರು ಬಿದ್ದ ಕಾಗದ ಮಾತ್ರ ಮ್ಯಾನೇಜರರ ಕೋಣೆಗೆ ಹೋಗುತ್ತಿತ್ತು. ನಂಬರು ಬೀಳದ ಕಾಗದ ಹುಟ್ಟಿಯೇ ಇಲ್ಲ ಎಂದು ಲೆಕ್ಕ.

ಅವನ ಭಾಗ್ಯ ತೆರೆದದ್ದು ಒಂದೇ ಒಂದು ಇಂಗ್ಲಿಷ್ ಮಾತಿನಿಂದ. ಕಾಗದದ ಕೊನೆಯಲ್ಲಿ ‘ನಿಮ್ಮ ಉತ್ತರವನ್ನು ಎದುರು ನೋಡುತ್ತೇನೆ’ ಎಂದು ನಾವು ಬರೆಯುತ್ತೇವಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ‘ಲುಕ್ ಫಾರ್ವರ್ಡ್ ಟು’ ಎನ್ನುತ್ತಾರೆ. ಅದರ ಮುಂದೆ ‘ಹಿಯರಿಂಗ್’ ಎಂದು ಬರಬೇಕು, ಬರೀ ‘ಹಿಯರ್’ ಬರಬಾರದು. ಇಷ್ಟೇ ವಿಷಯ. ಆದರೆ ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮ್ಯಾನೇಜರರು ದೂರದ ಊರಿನಲ್ಲಿದ್ದ ಮಾಲೀಕರಿಗೆ ಬರೆದ ಕಾಗದದಲ್ಲಿ ಈ ತಪ್ಪು ಮಾಡಿದ್ದರು. ಟೈಪು ಮಾಡಲು ಕೊಟ್ಟಾಗ ಈ ಹುಡುಗ ಗುಮಾಸ್ತ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ‘ಸಾರ್, ಇಲ್ಲಿ ಹಿಯರಿಂಗ್ ಆಗ್ಬೇಕು’ ಅಂದ. ಮ್ಯಾನೇಜರರು ನಿಘಂಟು ತರಿಸಿ ನೋಡಿದರು. ನಿಜವೇ. ಹಿಂದಿನ ಸಲ ಇಂಥದ್ದೇ ಯಾವುದೋ ಕಾಗದಕ್ಕೆ ಮಾಲೀಕರು ನಕ್ಕಿದ್ದರಂತೆ, ಆ ಗಾಯ ಇನ್ನೂ ಹಸಿಯಾಗಿತ್ತು. ಅವತ್ತೇ ಅಪ್ಪಣೆಯಾಯಿತು. ಮ್ಯಾನೇಜರರ ಮೇಜಿಗೆ ಬರುವ ಕಾಗದ, ಅಲ್ಲಿಂದ ಹೋಗುವ ಕಾಗದ, ಎಲ್ಲವೂ ಗುಮಾಸ್ತರ ಕೈ ದಾಟಿಯೇ ಹೋಗಬೇಕು.

ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯಿತು ಎಂದು ಹೇಳಲಾರೆ, ಯಾಕೆಂದರೆ ಅವನು ಮಂಗನಲ್ಲ, ಓದಿಕೊಂಡವನು. ಓದಿಕೊಂಡವರ ಕೈಗೆ ಕೊಟ್ಟರೂ ಕೆಲವೊಮ್ಮೆ ಅಷ್ಟೇ. ಅಪ್ಪಣೆಗೆ ಅವನು ತನ್ನದೇ ಎರಡು ಬಾಲ ಸೇರಿಸಿದ. ಒಂದು, ತಪ್ಪಿರುವ ಕಾಗದವನ್ನು ತಾನು ತಿದ್ದಿ ಕೊಡುವುದಿಲ್ಲ. ತಪ್ಪಿನ ಕೆಳಗೆ ಕೆಂಪು ಗೆರೆ ಎಳೆದು ತೋರಿಸುತ್ತಾನೆ, ಬರೆದವನೇ ಅದನ್ನು ನೋಡಿಕೊಂಡು ಹೊಸ ಹಾಳೆಯಲ್ಲಿ ಬರೆದು ತರಬೇಕು. ಹಳೆಯ ಹಾಳೆ ಅವನ ಡ್ರಾಯರಿನಲ್ಲಿ ಉಳಿಯುತ್ತದೆ. ಇನ್ನೊಂದು, ಪೂರ್ತಿ ಸರಿಯಾಗುವವರೆಗೆ ರಿಜಿಸ್ಟರಿನಲ್ಲಿ ನಂಬರು ಇಲ್ಲ. ‘ತಿದ್ದಿ ಕೊಟ್ರೆ ಯಾರೂ ಕಲಿಯಲ್ಲ’ ಎಂಬುದು ಅವನ ವೇದವಾಕ್ಯ. ರಜೆ ಬೇಕೆಂದು ಬರೆದವನು ತಿದ್ದಿ ತಿದ್ದಿ ತರುವಷ್ಟರಲ್ಲಿ ರಜೆಯ ದಿನವೇ ಕಳೆದುಹೋಗಿರುತ್ತಿತ್ತು. ಗೇಟಿನ ಕಾವಲುಗಾರನ ಮಗಳ ಮದುವೆಗೆ ಬೇಕಿದ್ದ ಎರಡು ದಿನದ ರಜೆ, ಅವಳು ಗಂಡನ ಮನೆಗೆ ಹೋದ ವಾರದ ಮೇಲೆ ಮಂಜೂರಾಯಿತು. ಶೆಡ್ಡಿನವರು ಇದನ್ನು ಹೇಳಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಕಾವಲುಗಾರ ಮಾತ್ರ ನಗುತ್ತಿರಲಿಲ್ಲ.

ಹೀಗೆ ಇಪ್ಪತ್ತೇಳು ವರ್ಷ. ಕೂದಲು ಬೆಳ್ಳಗಾಯಿತು, ಕನ್ನಡಕ ದಪ್ಪವಾಯಿತು, ಹಿಡಿದ ಮೊಲಕ್ಕೆ ಮಾತ್ರ ಮೂರೇ ಕಾಲು. ಮಕ್ಕಳಿರಲಿಲ್ಲ. ಮನೆಯಲ್ಲಿ ಹೆಂಡತಿ, ಮತ್ತೆ ಬಹಳ ಕಾಲ ಅವಳ ತಮ್ಮ. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಕೊಂಡಾಗ ಆ ತಮ್ಮನಿಗೆ ಹತ್ತು ವರ್ಷ. ಒಂದು ಟ್ರಂಕು ಹಿಡಿದುಕೊಂಡು ಅಕ್ಕನ ಮನೆಗೆ ಬಂದ. ಕೆಂಪಿಂಕು ಬೇಡ ಎನ್ನಲಿಲ್ಲ. ಇದನ್ನು ಹೇಳಲೇಬೇಕು, ಊಟಕ್ಕಾಗಲಿ ಬಟ್ಟೆಗಾಗಲಿ ಒಂದು ದಿನವೂ ಅವನನ್ನು ಬೇರೆಯಾಗಿ ನೋಡಲಿಲ್ಲ. ದಿನಾ ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಇಂಗ್ಲಿಷ್ ಹೇಳಿಕೊಟ್ಟ. ತಪ್ಪಿಗೊಂದರಂತೆ ಬೆರಳ ಗೆಣ್ಣಿನ ಮೇಲೆ ಅಡಿಪಟ್ಟಿಯಿಂದ ಏಟು. ಹುಡುಗ ಅಳುತ್ತಿರಲಿಲ್ಲ, ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಮತ್ತೆ ಬರೆಯುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತ ಅಕ್ಕ ಏನೂ ಹೇಳಲಾರದೆ ಒಳಗೆ ಹೋಗುತ್ತಿದ್ದಳು.

ವಿದ್ಯೆ ಹತ್ತಲಿಲ್ಲ. ಹತ್ತನೇ ತರಗತಿಗೆ ನಿಂತಿತು. ಕೆಂಪಿಂಕುವೇ ಮ್ಯಾನೇಜರರಿಗೆ ಹೇಳಿ ಪ್ರೆಸ್ಸಿನ ಮೇಲೆ ಕೆಲಸ ಕೊಡಿಸಿದ. ಅಲ್ಲಿ ನೋಡಿ, ಹುಡುಗನ ಕೈ ಬೇರೆಯದೇ ಕೈ. ಕಾಗದದ ಮೇಲೆ ತಡವರಿಸುತ್ತಿದ್ದ ಬೆರಳು ತಗಡಿನ ಮೇಲೆ ಹೂವಿನಂತೆ ಹಗುರ. ಐದು ವರ್ಷದಲ್ಲಿ ಶೆಡ್ಡಿನಲ್ಲೇ ಒಳ್ಳೆಯ ಆಪರೇಟರ್ ಅನ್ನಿಸಿಕೊಂಡ, ಮದುವೆಯಾಗಿ ಎರಡು ಬೀದಿ ಆಚೆ ಮನೆ ಮಾಡಿದ. ಭಾವ ಎಂದರೆ ಅವನಿಗೆ ಅಪ್ಪನ ಸಮಾನ. ಶೆಡ್ಡಿನಲ್ಲಿ ಯಾರಾದರೂ ‘ಕೆಂಪಿಂಕು’ ಎಂದರೆ ಅವನು ನಗುತ್ತಿರಲಿಲ್ಲ, ಎದ್ದು ಹೋಗುತ್ತಿದ್ದ.

ಒಂದು ಭಾನುವಾರ ಅವನು ಅಕ್ಕನ ಮನೆಗೆ ಬಂದವನು ಕಾಫಿ ಕೊಟ್ಟ ಅಕ್ಕ ಹಿತ್ತಲಿಗೆ ಹೋದ ಮೇಲೆ ವಿಷಯ ತೆಗೆದ.

‘ಭಾವ, ನಮ್ಮ ಒಂಬತ್ತನೇ ನಂಬರ್ ಪ್ರೆಸ್ ಇದೆಯಲ್ಲ, ಅದರ ಜಾಲರಿ ಕೆಟ್ಟಿದೆ.’

ಜಾಲರಿ ಎಂದರೆ ಪ್ರೆಸ್ಸಿನ ಬಾಯಿಗೆ ಅಡ್ಡ ಇಳಿಯುವ ಕಬ್ಬಿಣದ ಬಲೆ. ಕಾಲಿನ ಪೆಡಲು ಒತ್ತಿದರೆ ಮೊದಲು ಜಾಲರಿ ಇಳಿದು ಕೈಯನ್ನು ಆಚೆ ತಳ್ಳಬೇಕು, ಆಮೇಲೆ ಅಚ್ಚು ಬೀಳಬೇಕು. ಅದರ ಸ್ಪ್ರಿಂಗು ಸೋತುಹೋಗಿತ್ತು. ಜಾಲರಿ ಅರ್ಧಕ್ಕೆ ಇಳಿದು ಸಿಕ್ಕಿಕೊಳ್ಳುತ್ತಿತ್ತು, ಕೆಲಸ ಸಾಗುತ್ತಿರಲಿಲ್ಲ. ಅದಕ್ಕೆ ಮೇಸ್ತ್ರಿ ಅದನ್ನು ತಂತಿಯಿಂದ ಮೇಲಕ್ಕೆ ಕಟ್ಟಿಸಿ ಹಾಗೇ ಓಡಿಸಲು ಹೇಳಿದ್ದ.

‘ಮೇಸ್ತ್ರಿಗೆ ಹೇಳ್ದೆ. ಮೆಷಿನ್ ನಿಲ್ಲಿಸ್ಬೇಕು ಅಂದ್ರೆ ಮ್ಯಾನೇಜರ್ ಹೇಳ್ಬೇಕು ಅಂತಾನೆ. ನೀವೊಂದು ಮಾತು ಅವರ ಕಿವಿಗೆ ಹಾಕ್ತೀರಾ?’

‘ಬಾಯಿಮಾತು ಆಫೀಸಲ್ಲಿ ನಡೆಯಲ್ಲ ಕಣೋ,’ ಎಂದ ಕೆಂಪಿಂಕು. ‘ಬರೆದು ಕೊಡು. ಕಾಗದ ಇದ್ರೆ ಕೆಲಸ. ನಾನೇ ಒಯ್ದು ಕೊಡ್ತೀನಿ.’

‘ಇಂಗ್ಲಿಷಲ್ಲಾ ಭಾವ?’

‘ಮತ್ತೆ? ಏಳು ವರ್ಷ ನಿನಗೆ ಏನು ಹೇಳಿಕೊಟ್ಟೆ ಹಾಗಾದ್ರೆ?’

ಆಪರೇಟರ್ ತಲೆ ಕೆರೆದುಕೊಂಡು ನಕ್ಕ. ಮಂಗಳವಾರ ಬೆಳಗ್ಗೆ ಕಾಗದ ಬಂತು. ಗೆರೆ ಹಾಕಿದ ಹಾಳೆಯ ಮೇಲೆ ಉರುಟುರುಟಾದ ಅಕ್ಷರ. ಕೆಂಪಿಂಕು ಓದಿದ. ಓದಿದ ಕೂಡಲೇ ಎದೆಯಲ್ಲಿ ಏನೋ ಚುಚ್ಚಿದ್ದೂ ನಿಜ, ಆದರೆ ಅದು ಜಾಲರಿಯ ಕಾರಣಕ್ಕಲ್ಲ. ಕೊನೆಯ ಸಾಲಿನಲ್ಲಿ, ‘ಲುಕ್ ಫಾರ್ವರ್ಡ್ ಟು’ ಆದಮೇಲೆ, ಅದೇ ತಪ್ಪು. ತನ್ನ ಇಡೀ ಜೀವಮಾನದ ಮಾನ ನಿಂತದ್ದು ಯಾವ ಮಾತಿನ ಮೇಲೋ ಅದನ್ನೇ ತನ್ನ ಕೈಯಲ್ಲಿ ಕಲಿತವನು ಕೆಡಿಸಿದ್ದ. ಬೇರೆ ಯಾರಾದರೂ ಆಗಿದ್ದರೆ ಕೆಂಪು ಗೆರೆ ಎಳೆದು ಸುಮ್ಮನಾಗುತ್ತಿದ್ದ. ಇವನಿಗೆ ಎರಡು ಗೆರೆ ಎಳೆದ. ಮಧ್ಯಾಹ್ನ ಪ್ಯೂನನ ಕೈಯಲ್ಲಿ ಕರೆಸಿ, ‘ನೋಡಿ ಬರೆದು ತಾ’ ಎಂದು ಹೇಳಿ ಕಳಿಸಿದ.

ಪ್ಯೂನು ಬಾಯಿ ಹರಕ. ‘ಗುಮಾಸ್ತರೇ, ನಿಮ್ಮವನೇ ಅಲ್ವಾ, ಒಂದು ಸಲ ನೀವೇ ತಿದ್ದಿಬಿಡಿ’ ಎಂದ.

‘ನಮ್ಮವನು ಅನ್ನೋದಕ್ಕೇ ತಿದ್ದಲ್ಲ. ನಾಳೆ ನೀನೇ ಊರೆಲ್ಲಾ ಡಂಗುರ ಹೊಡೀತೀಯ, ಬಾಮೈದನಿಗೆ ಒಂದು ನ್ಯಾಯ, ಬೇರೆಯವರಿಗೆ ಒಂದು ನ್ಯಾಯ ಅಂತ.’

ಮಾತು ನ್ಯಾಯದ್ದೇ. ನ್ಯಾಯದ ಮಾತಾಡುವಾಗ ಅವನ ಮುಖದಲ್ಲಿ ಒಂದು ಕಳೆ ಬರುತ್ತಿತ್ತು, ಆವತ್ತೂ ಬಂತು.

ಗುರುವಾರ ಎರಡನೆಯ ಕಾಗದ. ಕೊನೆಯ ಸಾಲು ಸರಿಯಾಗಿತ್ತು. ಆದರೆ ಮಧ್ಯದಲ್ಲಿ ಒಂದು ಕಡೆ, ಆಗಿಹೋದದ್ದನ್ನು ಆಗುತ್ತಿದೆ ಎಂಬಂತೆ ಬರೆದಿದ್ದ. ಕೆಂಪು ಗೆರೆ, ವಾಪಸು. ‘ಭಾವ, ಇವತ್ತು ಕೈ ಸ್ವಲ್ಪದರಲ್ಲಿ ಉಳೀತು’ ಎಂದು ಆಪರೇಟರ್ ಹೇಳಿದ. ‘ಎಚ್ಚರಿಕೆಯಿಂದ ಮಾಡು. ನಾಳೆ ಕೊಟ್ಟುಬಿಡು, ನಾಳೆಯೇ ಒಳಗೆ ಹೋಗುತ್ತೆ’ ಎಂದು ಕೆಂಪಿಂಕು ಹೇಳಿದ. ಅವನಿಗೆ ಕೈಯ ಮಾತು ಕೇಳಿಸಲಿಲ್ಲ ಎಂದಲ್ಲ. ಕೇಳಿಸಿತು, ಒಂದು ಗಳಿಗೆ ಕೆಂಪು ಪೆನ್ನು ಕೈಯಲ್ಲಿ ನಿಂತಿತು ಕೂಡ. ಒಂದು ದಿನದಲ್ಲಿ ಏನು ಮುಳುಗಿಹೋಗುತ್ತದೆ ಎಂದುಕೊಂಡ.

ಶುಕ್ರವಾರದ ಕಾಗದದಲ್ಲಿ ಭಾಷೆಯ ತಪ್ಪು ಒಂದೂ ಇರಲಿಲ್ಲ. ಕೆಂಪಿಂಕು ಎರಡು ಸಲ ಹುಡುಕಿದ. ಹೆಮ್ಮೆಯೂ ಆಯಿತು. ರಿಜಿಸ್ಟರು ತೆರೆದ, ನಂಬರು ಹಾಕಲು ನೀಲಿ ಪೆನ್ನಿನ ಮುಚ್ಚಳ ಬಿಚ್ಚಿದ. ಆಗ ಕಣ್ಣಿಗೆ ಬಿತ್ತು, ಹಾಳೆಯ ಎಡಗಡೆ ಜಾಗವನ್ನೇ ಬಿಟ್ಟಿರಲಿಲ್ಲ. ಫೈಲಿಗೆ ಸೇರಿಸಲು ತೂತು ಹಾಕಿದರೆ ಅಕ್ಷರದ ಮೇಲೇ ಬೀಳುತ್ತದೆ. ಇಷ್ಟು ಬಂದವನು ಇದೊಂದನ್ನೂ ಸರಿಯಾಗಿ ಕಲಿತುಬಿಡಲಿ ಎಂದುಕೊಂಡು ನೀಲಿ ಪೆನ್ನಿನ ಮುಚ್ಚಳ ಹಾಕಿದ. ಹಾಳೆಯ ಎಡ ಅಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಉದ್ದನೆಯ ಕೆಂಪು ಗೆರೆ ಎಳೆದ.

ಆಪರೇಟರ್ ಆ ಗೆರೆಯನ್ನು ಸ್ವಲ್ಪ ಹೊತ್ತು ನೋಡಿದ. ‘ಆಯ್ತು ಭಾವ, ಭಾನುವಾರ ಕೂತು ಬರೆದು ಸೋಮವಾರ ತರ್ತೀನಿ’ ಎಂದ.

ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಮೊದಲೇ ಶೆಡ್ಡಿನ ಸದ್ದು ನಿಂತಿತು. ಹದಿನಾಲ್ಕು ಪ್ರೆಸ್ಸೂ ಒಟ್ಟಿಗೆ ನಿಲ್ಲುವುದು ಊಟದ ಹೊತ್ತಿಗೆ ಮಾತ್ರ. ಕೆಂಪಿಂಕು ಗಡಿಯಾರ ನೋಡಿದ, ಎದ್ದ, ಕುರ್ಚಿ ಹಿಂದಕ್ಕೆ ಬಿತ್ತು. ಯಾರೂ ಬಂದು ಹೇಳುವ ಮೊದಲೇ ಅವನಿಗೆ ಗೊತ್ತಾಗಿತ್ತು. ಗಾಜಿನ ಕಿಟಕಿಯ ಆಚೆ ನಾಲ್ಕು ಜನ ಸೇರಿ ಒಬ್ಬನನ್ನು ಎತ್ತಿಕೊಂಡು ಗೇಟಿನ ಕಡೆ ಓಡುತ್ತಿದ್ದರು, ಬಲಗೈಗೆ ಯಾರದೋ ಅಂಗಿ ಸುತ್ತಿತ್ತು.

ನಾಲ್ಕು ಬೆರಳು ಹೋದವು. ಹೆಬ್ಬೆರಳೊಂದು ಉಳಿಯಿತು.

ಕೆಂಪಿಂಕುವಿನ ಹೆಂಡತಿ ಆಸ್ಪತ್ರೆಯಲ್ಲಿ ತಮ್ಮನ ಮಂಚದ ಕಾಲ ಬಳಿ ಕೂತು ಮೂರು ದಿನ ಒಂದೇ ಮಾತು ಹೇಳಿದಳು. ‘ಯಾರ ಕಣ್ಣು ಬಿತ್ತೋ, ಯಾರ ಕಣ್ಣು ಬಿತ್ತೋ.’ ಕೆಂಪಿಂಕು ಪಕ್ಕದಲ್ಲಿ ನಿಂತಿರುತ್ತಿದ್ದ. ಆಪರೇಟರ್ ಕಾಗದದ ವಿಷಯ ಅಕ್ಕನ ಮುಂದೆ ಎತ್ತಲಿಲ್ಲ. ತನ್ನ ಹೆಂಡತಿಯ ಮುಂದೆಯೂ ಎತ್ತಲಿಲ್ಲ. ಕೆಂಪಿಂಕುವಿನ ಬಾಯಿಗಂತೂ ಬೀಗ ಬಿದ್ದಿತ್ತು.

ತಿಂಗಳಾದ ಮೇಲೆ ಕಾರ್ಮಿಕ ಇಲಾಖೆಯಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬರುತ್ತಾರೆ ಎಂದು ತಿಳಿಯಿತು. ವಿಷಯ ಎರಡೇ ಮಾತಿನದು. ಜಾಲರಿಯನ್ನು ತಂತಿಯಲ್ಲಿ ಕಟ್ಟಿಕೊಂಡು ಕೆಲಸಗಾರನೇ ಅಜಾಗರೂಕತೆ ಮಾಡಿದ್ದಾನೆ ಎಂದಾದರೆ ಅವನನ್ನು ಕೆಲಸದಿಂದ ತೆಗೆಯಬಹುದು. ಜಾಲರಿ ಕೆಟ್ಟಿದೆ ಎಂದು ಅವನು ಮೊದಲೇ ತಿಳಿಸಿದ್ದ, ಕಂಪನಿಯೇ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದಾದರೆ, ನಿವೃತ್ತಿಯವರೆಗೆ ಅವನಿಗೆ ಕೂತು ಮಾಡುವ ಕೆಲಸ ಕೊಡಲೇಬೇಕು. ಮೇಸ್ತ್ರಿ ಆಗಲೇ ‘ನನಗೆ ಯಾರೂ ಹೇಳಿಲ್ಲ’ ಎಂದು ಕೈ ತೊಳೆದುಕೊಂಡಿದ್ದ. ಉಳಿದದ್ದು ಕಾಗದ. ಅದು ಇದ್ದದ್ದು ಒಂದೇ ಕಡೆ, ಕೆಂಪಿಂಕುವಿನ ಡ್ರಾಯರಿನಲ್ಲಿ, ಮೂರು ಹಾಳೆ, ಮೂರರ ಮೇಲೂ ಅವನ ಕೆಂಪು ಗೆರೆ, ಗೆರೆಯ ಪಕ್ಕ ಅವನ ರುಜು ಮತ್ತು ತಾರೀಖು. ತಪ್ಪು ತೋರಿಸುವಾಗಲೂ ಅವನು ತಾರೀಖು ಹಾಕದೆ ಬಿಡುತ್ತಿರಲಿಲ್ಲ.

ವಿಚಾರಣೆಯ ಹಿಂದಿನ ದಿನ ಮ್ಯಾನೇಜರರು ಕರೆದರು. ‘ಗುಮಾಸ್ತರೇ, ಒಂಬತ್ತನೇ ಪ್ರೆಸ್ ಬಗ್ಗೆ ರಿಜಿಸ್ಟರಲ್ಲಿ ಏನಾದ್ರೂ ಕಾಗದ ಇದೆಯಾ?’

‘ರಿಜಿಸ್ಟರಲ್ಲಿ ಇಲ್ಲ ಸಾರ್.’

ಹೇಳಿದ್ದು ಸುಳ್ಳಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ಮ್ಯಾನೇಜರರ ಮುಖ ಅರಳಿತು. ‘ನಾಳೆ ಹೇಳಿಕೆ ಟೈಪ್ ಮಾಡೋಕೆ ನೀವೇ ಕೂತ್ಕೊಳ್ಳಿ. ಒಳ್ಳೇ ಇಂಗ್ಲಿಷಲ್ಲಿ ಇರಲಿ’ ಎಂದರು.

ಆ ರಾತ್ರಿಯ ಅವನ ಹೊರಳಾಟ ಯಾರಿಗೆ ಬೇಕು, ಬಿಡಿ. ಬೆಳಗ್ಗೆ ಅವನು ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ಡ್ರಾಯರು ತೆರೆದು ಮೂರು ಹಾಳೆಗಳನ್ನೂ ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಕೊಡುವುದೆಂದೇ ನಿರ್ಧಾರ ಮಾಡಿದ್ದ. ಬಾಮೈದ ‘ಬರೆದಿದ್ದೆ’ ಎನ್ನುತ್ತಾನೆ, ಅಧಿಕಾರಿ ‘ಎಲ್ಲಿ’ ಎನ್ನುತ್ತಾರೆ, ಆಗ ತಾನು ಎದ್ದು ಜೇಬಿಗೆ ಕೈ ಹಾಕುವುದು. ಕೆಲಸ ಹೋದರೆ ಹೋಗಲಿ. ತಾನಾಗಿ ಮೊದಲು ಬಾಯಿ ಬಿಡುವ ಧೈರ್ಯವಿರಲಿಲ್ಲ. ಯಾರಾದರೂ ಕೇಳಿದರೆ ಕೊಡುವಷ್ಟು ಧೈರ್ಯವಿತ್ತು.

ಮ್ಯಾನೇಜರರ ಕೋಣೆಯಲ್ಲಿ ಉದ್ದನೆಯ ಮೇಜು. ಒಂದು ಬದಿಗೆ ಅಧಿಕಾರಿ, ಪಕ್ಕದಲ್ಲಿ ಮ್ಯಾನೇಜರರು. ಎದುರು ಕುರ್ಚಿಯ ತುದಿಯಲ್ಲಿ ಆಪರೇಟರ್, ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ. ಮೂಲೆಯಲ್ಲಿ ಟೈಪ್‌ರೈಟರಿನ ಮುಂದೆ ಕೆಂಪಿಂಕು. ಅಧಿಕಾರಿ ಒಳ್ಳೆಯ ಮನುಷ್ಯ, ನಿಧಾನವಾಗಿ ಕೇಳುತ್ತಿದ್ದರು. ಆಪರೇಟರ್ ಹೇಳುತ್ತಿದ್ದ, ಕೆಂಪಿಂಕು ಅದನ್ನು ಇಂಗ್ಲಿಷ್ ಮಾಡಿ ಟೈಪು ಮಾಡುತ್ತಿದ್ದ.

‘ಜಾಲರಿ ಕೆಟ್ಟಿದೆ ಅಂತ ನೀವು ಯಾರಿಗಾದ್ರೂ ಬರೆದು ಕೊಟ್ಟಿದ್ರಾ?’

ಆಪರೇಟರ್ ತಲೆ ತಿರುಗಿಸಿ ಮೂಲೆಯ ಕಡೆ ನೋಡಿದ. ಕೆಂಪಿಂಕು ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದ. ‘ಹೇಳು’ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದ, ‘ಹೇಳು, ನಾನಿದ್ದೇನೆ.’ ಫ್ಯಾನು ತಿರುಗುತ್ತಿತ್ತು. ಮ್ಯಾನೇಜರರು ಕೆಮ್ಮಿದರು.

‘ಇಲ್ಲ ಸಾರ್’ ಎಂದ ಆಪರೇಟರ್.

‘ಯೋಚನೆ ಮಾಡಿ ಹೇಳಿ. ಯಾರಿಗೂ ಕೊಟ್ಟಿಲ್ವಾ?’

‘ಯಾರಿಗೂ ಕೊಟ್ಟಿಲ್ಲ ಸಾರ್.’

ಕೆಂಪಿಂಕುವಿನ ಬೆರಳು ತಾವಾಗಿಯೇ ಆಡಿದವು. ಸಾಲು ಪೂರ್ತಿಯಾಯಿತು, ಚುಕ್ಕೆ ಬಿತ್ತು. ಹೇಳಿಕೆ ಮುಗಿದ ಮೇಲೆ ಹಾಳೆಯನ್ನು ಆಪರೇಟರ್ ಮುಂದೆ ಇಟ್ಟರು. ರುಜು ಹಾಕುವ ಕೈ ಇಲ್ಲ, ಆದ್ದರಿಂದ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಭಾವನ ಮನೆಯಲ್ಲಿ ಏಳು ವರ್ಷ ಇಂಗ್ಲಿಷ್ ಕಲಿತವನು ಕೊನೆಗೆ ಹೆಬ್ಬೆಟ್ಟಾದ.

ಹೊರಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಕೆಂಪಿಂಕು ಅವನನ್ನು ಹಿಡಿದ. ‘ಯಾಕೋ ಹಾಗಂದೆ?’

‘ಹೂಂ ಅಂದಿದ್ರೆ ನಿಮ್ಮ ಕೆಲಸ ಹೋಗ್ತಿತ್ತಲ್ಲ ಭಾವ. ನಂದಂತೂ ಕೈಯೇ ಹೋಯ್ತು. ಇಬ್ಬರೂ ಮನೇಲಿ ಕೂತ್ರೆ ಅಕ್ಕನ ಗತಿ ಏನು?’

‘ನಾನು ಕೊಡ್ತಿದ್ದೆ ಕಣೋ. ಜೇಬಲ್ಲೇ ಇಟ್ಕೊಂಡು ಬಂದಿದ್ದೆ.’

‘ಗೊತ್ತು. ಕಾಣ್ತಿತ್ತು,’ ಎಂದ ಆಪರೇಟರ್. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೆಟ್ಟದ್ದು. ‘ನಿಮ್ಮ ಕೈ ಜೇಬಿಗೆ ಹೋಗುತ್ತೇನೋ ಅಂತ ಸ್ವಲ್ಪ ಹೊತ್ತು ನೋಡ್ದೆ. ಹೋಗ್ಲಿಲ್ಲ. ಆಮೇಲೆ ಇಲ್ಲ ಅಂದೆ.’

ಎಡಗೈಯಲ್ಲಿ ಛತ್ರಿ ಹಿಡಿದುಕೊಂಡು ಅವನು ನಡೆದು ಹೋದ. ಸೈಕಲ್ಲು ಹೊಡೆಯಲು ಇನ್ನೂ ಬರುತ್ತಿರಲಿಲ್ಲ.

ಮರುದಿನ ಕೆಂಪಿಂಕುವಿಗೆ ಧೈರ್ಯ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗೆ. ಅಧಿಕಾರಿ ವರದಿ ಬರೆದು ಮುಗಿಸುವವರೆಗೆ ಕಂಪನಿಯ ಅತಿಥಿ ಕೋಣೆಯಲ್ಲೇ ಉಳಿದಿದ್ದರು. ಅಲ್ಲಿಗೇ ಹೋಗಿ ಮೂರು ಹಾಳೆಗಳನ್ನೂ ಮೇಜಿನ ಮೇಲೆ ಇಟ್ಟ. ಮ್ಯಾನೇಜರರೂ ಅಲ್ಲೇ ಇದ್ದರು. ಇರಲಿ ಎಂದುಕೊಂಡು ಅವರ ಎದುರಿಗೇ ಇದ್ದದ್ದು ಇದ್ದಂತೆ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ.

ಅಧಿಕಾರಿ ಹಾಳೆಗಳನ್ನು ತಿರುವಿ ನೋಡಿದರು. ‘ಇದಕ್ಕೆ ನಂಬರ್ ಎಲ್ಲಿದೆ?’

‘ನಂಬರ್ ಹಾಕಿರಲಿಲ್ಲ ಸಾರ್.’

‘ಯಾಕೆ?’

‘ತಪ್ಪಿತ್ತು ಅಂತ ಬೇರೆ ಬರೆದು ತರೋಕೆ ಹೇಳಿದ್ದೆ.’

‘ಇದರಲ್ಲಿ ತಪ್ಪೇ ಕಾಣ್ತಿಲ್ಲ,’ ಎಂದು ಅಧಿಕಾರಿ ಮೂರನೆಯ ಹಾಳೆ ಎತ್ತಿ ಹಿಡಿದರು.

‘ಅದರಲ್ಲಿ ಎಡಗಡೆ ಜಾಗ ಬಿಟ್ಟಿರಲಿಲ್ಲ ಸಾರ್.’

ಅಧಿಕಾರಿ ಕನ್ನಡಕ ತೆಗೆದು ಅವನ ಮುಖವನ್ನೇ ನೋಡಿದರು. ಆಮೇಲೆ ಬಹಳ ಮೆತ್ತಗೆ ಹೇಳಿದರು. ‘ನೋಡಿ, ನೀವು ಅವರ ಭಾವ. ನಿನ್ನೆ ಅವರು ಎರಡು ಸಲ ಇಲ್ಲ ಅಂದ್ರು, ಅದನ್ನ ಟೈಪ್ ಮಾಡಿದ್ದು ನೀವೇ. ಆಗ ಸುಮ್ಮನಿದ್ರಿ. ಇವತ್ತು ನಂಬರಿಲ್ಲದ ಮೂರು ಹಾಳೆ ತಂದಿದ್ದೀರಿ. ರಾತ್ರಿ ಕೂತು ಬರೆದದ್ದಲ್ಲ ಅಂತ ನಾನು ಹೇಗೆ ನಂಬಲಿ? ನಂಬಿದ್ರೂ ವರದಿಯಲ್ಲಿ ಹೇಗೆ ಬರೀಲಿ?’

‘ತಾರೀಖಿದೆ ಸಾರ್. ನನ್ನ ರುಜು ಇದೆ.’

‘ನಿಮ್ಮ ರುಜುನೇ. ಅದಕ್ಕೇ ಹೇಳ್ತಿರೋದು.’

ಪ್ಯೂನನ್ನು ಕೇಳಿ ಎಂದ. ಪ್ಯೂನನ್ನು ಕರೆಸಿದರು. ಊರ ಮಾತಿಗೆಲ್ಲಾ ಬಾಯಿ ಹಾಕುವ ಪ್ಯೂನು ಮ್ಯಾನೇಜರರ ಮುಖ ನೋಡಿ, ‘ದಿನಾ ಎಷ್ಟೋ ಕಾಗದ ಓಡಾಡ್ತವೆ ಸಾರ್, ನನಗೆ ನೆನಪಿಲ್ಲ’ ಎಂದ. ಅವನಿಗೂ ಹೆಂಡತಿ ಮಕ್ಕಳಿದ್ದರು.

ಅಧಿಕಾರಿ ವಾಪಸು ಕೊಟ್ಟ ಹಾಳೆಗಳನ್ನು ಹಿಡಿದು ಹೊರಗೆ ಬಂದಾಗ ಮ್ಯಾನೇಜರರು ಬೈಯಲಿಲ್ಲ. ಬೈದಿದ್ದರೆ, ಕೆಲಸದಿಂದ ತೆಗೆದಿದ್ದರೆ, ಅವನಿಗೆ ಒಂದಿಷ್ಟು ನೆಮ್ಮದಿಯಾದರೂ ಆಗುತ್ತಿತ್ತು. ಹೆಗಲ ಮೇಲೆ ಕೈ ಇಟ್ಟು, ‘ಹೆಂಡತಿ ತಮ್ಮ ಅಂದ್ಮೇಲೆ ಕರುಳು ಕೇಳಲ್ಲ, ನನಗೂ ಅರ್ಥ ಆಗುತ್ತೆ. ನಾನೇನೂ ಮನಸ್ಸಲ್ಲಿ ಇಟ್ಕೊಳ್ಳಲ್ಲ. ಹೋಗಿ, ಟೇಬಲ್ ಮೇಲೆ ತುಂಬಾ ಕಾಗದ ಸೇರಿದೆ’ ಎಂದರು. ಕೆಂಪಿಂಕು ಹೋಗಿ ಕೂತ. ಸಂಜೆಯವರೆಗೆ ಒಂದು ಕಾಗದವನ್ನೂ ಮುಟ್ಟಲಿಲ್ಲ.

ಹದಿನೈದು ದಿನಕ್ಕೆ ಆದೇಶ ಬಂತು. ಕೆಲಸಗಾರನ ಅಜಾಗರೂಕತೆ ಎಂದು ತೀರ್ಮಾನವಾಗಿತ್ತು. ಆಪರೇಟರ್ ಕೆಲಸ ಹೋಯಿತು. ಒಂಬತ್ತನೆಯ ಪ್ರೆಸ್ಸಿಗೆ ಹೊಸ ಸ್ಪ್ರಿಂಗು ಹಾಕಿದರು, ಅದಕ್ಕೆ ಹಿಡಿದದ್ದು ಮುಕ್ಕಾಲು ಗಂಟೆ.

ಅವತ್ತು ಸಂಜೆ ಹೆಂಡತಿ ತಮ್ಮನ ಮನೆಯಿಂದ ಬಂದವಳು ಬಾಗಿಲಲ್ಲೇ ಕುಸಿದು ಕೂತಳು. ‘ದಿಕ್ಕೇ ತೋಚದೆ ಕೂತಿದಾಳೆ ಅವನ ಹೆಂಡತಿ. ಇವನು ನಗ್ತಾ ಇದಾನೆ. ಎಡಗೈಯಲ್ಲಿ ಶರ್ಟಿನ ಗುಂಡಿ ಹಾಕೋದು ಕಲ್ತೆ ಅಂತ ತೋರಿಸ್ತಾನೆ. ರೀ, ಅಷ್ಟು ಚೆನ್ನಾಗಿ ಕೆಲಸ ಬರೋನು, ಯಾರಿಗೂ ಒಂದು ಮಾತು ಹೇಳ್ದೆ ಆ ಹಾಳು ಮೆಷಿನ್ ಮೇಲೆ ಯಾಕ್ರೀ ಕೈ ಇಟ್ಟ? ಎಷ್ಟು ಕೇಳಿದ್ರೂ ಬಾಯಿ ಬಿಡಲ್ಲ.’

ಕೆಂಪಿಂಕು ಒಳಗೆ ಹೋಗಿ ಬಂದ. ಮೂರು ಹಾಳೆಗಳನ್ನು ಅವಳ ಮುಂದೆ ಇಟ್ಟ.

‘ಏನಿದು?’

‘ಅವನು ಬರೆದದ್ದು. ಕೈ ಹೋಗೋಕೆ ಮುಂಚೆ.’

ಅವಳು ಹಾಳೆಗಳನ್ನು ಕೈಗೆ ತೆಗೆದುಕೊಂಡಳು. ಇಂಗ್ಲಿಷ್ ಅವಳಿಗೆ ಬರುತ್ತಿರಲಿಲ್ಲ. ತಮ್ಮನ ಅಕ್ಷರ ಗುರುತು ಸಿಕ್ಕಿತು, ಕೆಂಪು ಗೆರೆ ಯಾರದೆಂದೂ ಗೊತ್ತಾಯಿತು. ಗೆರೆಗಳ ಮೇಲೆ ನಿಧಾನವಾಗಿ ಬೆರಳಾಡಿಸಿದಳು. ‘ಓದಿ ಹೇಳಿ’ ಎಂದಳು.

‘ಬಿಡು, ಈಗ ಯಾಕೆ.’

‘ಓದಿ ಅಂದೆ. ಮೊದಲು ಬರೆದದ್ದು ಯಾವುದೋ ಅದನ್ನ ಓದಿ.’

ಅವನು ಮೊದಲನೆಯ ಹಾಳೆ ತೆಗೆದುಕೊಂಡ. ಇಪ್ಪತ್ತೇಳು ವರ್ಷದಲ್ಲಿ ಇಂಥ ಕೆಲಸ ಅವನು ಮಾಡಿರಲಿಲ್ಲ. ಇಂಗ್ಲಿಷಿನಲ್ಲಿದ್ದದ್ದನ್ನು ಒಂದೊಂದೇ ಸಾಲಾಗಿ ಕನ್ನಡದಲ್ಲಿ ಹೇಳಿದ.

‘ಸ್ವಾಮಿ, ಒಂಬತ್ತನೇ ಪ್ರೆಸ್ಸಿನ ಜಾಲರಿಯ ಸ್ಪ್ರಿಂಗು ಕೆಟ್ಟಿದೆ. ಜಾಲರಿ ಇಳಿಯುವುದಿಲ್ಲ. ಕೈ ಒಳಗೆ ಇರುವಾಗಲೇ ಅಚ್ಚು ಬೀಳುತ್ತದೆ. ನನಗೆ ಭಯವಾಗುತ್ತದೆ. ಯಾರದಾದರೂ ಕೈ ಹೋಗುವ ಮೊದಲು ಸರಿಮಾಡಿಸಿ ಕೊಡಿ. ನೀವು ಸರಿಮಾಡಿಸುವುದನ್ನೇ ಎದುರು ನೋಡುತ್ತೇನೆ.’

ಓದಿ ಮುಗಿಸಿ ಹಾಳೆಯನ್ನು ಕೆಳಗಿಟ್ಟ. ಹೆಂಡತಿ ಅಳಲಿಲ್ಲ. ಹಾಳೆಯನ್ನೇ ನೋಡುತ್ತಾ ಕೂತಿದ್ದಳು.

‘ಇಷ್ಟೇನಾ?’

‘ಇಷ್ಟೇ.’

‘ಇದರಲ್ಲಿ ನಿಮಗೆ ಅರ್ಥ ಆಗದೇ ಇದ್ದದ್ದು ಏನಿತ್ತು?’

ಅವಳು ಕಾದಳು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಹೊಡೆದುಕೊಂಡು ಹೋದರು.

‘ಎಲ್ಲಾ ಅರ್ಥ ಆಗಿತ್ತು ಕಣೆ.’

‘ಮೊದಲನೇ ಸಲಾನೇ?’

‘ಮೊದಲನೇ ಸಲಾನೇ.’

ಅವಳು ಮೂರು ಹಾಳೆಗಳನ್ನೂ ಜೋಡಿಸಿ ಅವನ ಪಕ್ಕದಲ್ಲಿ ಇಟ್ಟಳು. ಎದ್ದು ಒಳಗೆ ಹೋಗಿ ಎರಡು ಸೀರೆ ಒಂದು ಚೀಲಕ್ಕೆ ಹಾಕಿಕೊಂಡು ಬಂದಳು, ಚಪ್ಪಲಿ ಮೆಟ್ಟಿ ತಮ್ಮನ ಮನೆಯ ಕಡೆ ಹೊರಟಳು. ಯಾವಾಗ ಬರುತ್ತೇನೆಂದು ಅವಳು ಹೇಳಲಿಲ್ಲ, ಅವನು ಕೇಳಲೂ ಇಲ್ಲ.